ಪರದೇಶದ ಆಟಗಾರನೂ ಪರವಾನಗಿಯ ನಿಯಮವೂ

ಫುಟ್‌ಬಾಲ್ ತಂಡವೊಂದರ ಮ್ಯಾನೇಜರನ ಪಾತ್ರವನ್ನು ವಹಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತು ಆಡುವ ಆಟಗಳ ವಿಷಯದಲ್ಲಿ ಒಂದು ಅಭಿಪ್ರಾಯವು ಬಹುಮಟ್ಟಿಗೆ ಸರ್ವಸಮ್ಮತವಾಗಿ ನೆಲೆಗೊಂಡಿದೆ. ಇಂಗ್ಲೆಂಡಿನ ಕ್ಲಬ್ಬಿಗೆ ಪರದೇಶದ ಆಟಗಾರನೊಬ್ಬನನ್ನು ಸೇರಿಸಿಕೊಳ್ಳಬೇಕಾದಾಗ ಆ ಆಟಗಳು ಕೇಳುವ ಉದ್ಯೋಗದ ಪರವಾನಗಿ, ಆಡುವವರ ಬಾಯಲ್ಲಿ ವರ್ಕ್ ಪರ್ಮಿಟ್ ಎಂದು ಬಳಕೆಯಾಗಿರುವ ಆ ನಿಯಮವು, ಆಟದ ಸ್ವಭಾವಕ್ಕೆ ಹೊರಗಿನದೆಂದೂ, ವಿನೋದಕ್ಕಾಗಿ ಕುಳಿತವನ ದಾರಿಯಲ್ಲಿ ಸರ್ಕಾರದ ಕಚೇರಿಯೊಂದನ್ನು ತಂದು ನಿಲ್ಲಿಸಿದಂತಹ ವ್ಯರ್ಥವಾದ ಅಡ್ಡಿಯೆಂದೂ, ಅದನ್ನು ಕಿತ್ತುಹಾಕಿದರೆ ಲಾಭವಲ್ಲದೆ ನಷ್ಟವಿಲ್ಲವೆಂದೂ ಹೇಳುವವರೇ ಹೆಚ್ಚು. ಹೇಳಿದಂತೆ ನಡೆಯುವವರೂ ಉಂಟು: ಆಟದ ದತ್ತಾಂಶವನ್ನು ತಿದ್ದುವ ಎಡಿಟರನ್ನು ತೆರೆದು, ಬ್ರೆಜಿಲಿನ ಹುಡುಗನೊಬ್ಬನಿಗೆ ಎರಡನೆಯ ಪೌರತ್ವವನ್ನು ಬರೆದುಕೊಟ್ಟು, ಅವನನ್ನು ಲಿವರ್‌ಪೂಲಿಗೆ ಕರೆತರುವುದು ಎಷ್ಟೋ ಮಂದಿಗೆ ಅಭ್ಯಾಸವಾಗಿಹೋಗಿದೆ, ಆಟದ ಸರಳವಾದ ರೂಪಗಳಲ್ಲಿ ನಿಯಮವನ್ನೇ ಇಲ್ಲವಾಗಿಸುವ ಸೌಲಭ್ಯವನ್ನು ತಯಾರಕರೇ ಒದಗಿಸಿದ್ದೂ ಉಂಟು. ಈ ಅಭಿಪ್ರಾಯವನ್ನು ನಾನು ಸರ್ವಥಾ ಒಪ್ಪಲಾರೆ. ಪರವಾನಗಿಯ ಕಾನೂನು ನ್ಯಾಯವಾದುದೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಅನೇಕ ಅಂಶಗಳಲ್ಲಿ ಅದು ಅನ್ಯಾಯವಾದುದೆಂದೇ ನನ್ನ ನಂಬಿಕೆ. ಅನ್ಯಾಯವಾದುದಾಗಿರುವುದರಿಂದಲೇ ಅದು ಆಟದಲ್ಲಿ ಇರತಕ್ಕದ್ದೆಂಬುದು ನನ್ನ ವಾದ.

ಈ ಆಟಗಳು ಯಾವ ಬಲದ ಮೇಲೆ ನಿಂತಿವೆಯೆಂಬುದನ್ನು ಮೊದಲು ನೋಡಬೇಕು. ಕೆವಿನ್ ಟಾಮ್ಸ್ ಎಂಬವರು 1982ರಲ್ಲಿ ಹೊರತಂದ ಫುಟ್‌ಬಾಲ್ ಮ್ಯಾನೇಜರ್ ಈ ವಂಶದ ಆದಿಪುರುಷರಲ್ಲಿ ಒಂದು. ಹತ್ತು ವರ್ಷಗಳ ತರುವಾಯ, 1992ರಲ್ಲಿ, ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಸೋದರರು ರಚಿಸಿದ ಚಾಂಪಿಯನ್‌ಶಿಪ್ ಮ್ಯಾನೇಜರ್ ಬಂದಿತು. ಅವರ ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆಯು ಆ ಹೆಸರನ್ನು ಹಳೆಯ ಪ್ರಕಾಶಕರಿಗೆ ಬಿಟ್ಟು, 2004ರಿಂದ ಫುಟ್‌ಬಾಲ್ ಮ್ಯಾನೇಜರ್ ಎಂಬ ಹೆಸರಿನಲ್ಲಿಯೇ ತನ್ನ ಕೃತಿಯನ್ನು ಮುಂದುವರಿಸಿಕೊಂಡು ಬಂದಿದೆ. ಇಲ್ಲಿ ಆಡುವವನು ಚೆಂಡನ್ನು ಒದೆಯುವುದಿಲ್ಲ. ಅವನ ಕೆಲಸವೆಲ್ಲ ಮನುಷ್ಯರನ್ನು ಆರಿಸುವುದು, ಅವರ ಸಂಬಳವನ್ನು ನಿಷ್ಕರ್ಷೆಮಾಡುವುದು, ಗಾಯಗೊಂಡವನಿಗೆ ಬದಲು ಹುಡುಕುವುದು, ಮುಂದಿನ ವರ್ಷ ಕರಾರು ಮುಗಿಯುವವನನ್ನು ಒಲಿಸಿಕೊಳ್ಳುವುದು. ಇಂತಹ ಆಟಕ್ಕೆ ಇರುವ ಆಕರ್ಷಣೆಯೆಲ್ಲ ಅದರ ಯಥಾರ್ಥತೆಯ ಆಕರ್ಷಣೆ. ನಿಜವಾದ ಹೆಸರುಗಳು, ನಿಜವಾದ ಕ್ಲಬ್ಬುಗಳು, ನಿಜವಾದ ಲೀಗುಗಳು, ಸಾಧ್ಯವಾದಮಟ್ಟಿಗೆ ನಿಜವಾದ ಗುಣದೋಷಗಳು ಅದರಲ್ಲಿ ಇರದಿದ್ದರೆ, ಅಂಕಿಅಂಶಗಳ ಆ ಪಟ್ಟಿಗಳ ಮುಂದೆ ಅರ್ಧರಾತ್ರಿಯವರೆಗೆ ಯಾರು ಕುಳಿತಾರು?

ಹಾಗಿರುವಲ್ಲಿ, ಆ ಯಥಾರ್ಥತೆಯಲ್ಲಿ ತಮಗೆ ಹಿತವಾದುದನ್ನು ಮಾತ್ರ ಉಳಿಸಿಕೊಂಡು ಅಹಿತವಾದುದನ್ನು ಬಿಸುಡಬೇಕೆಂಬುವವರು, ತಾವು ಯಾವುದನ್ನು ಅಹಿತವೆಂದು ಎಣಿಸುತ್ತಿದ್ದೇವೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಮುಂಚೂಣಿಯ ಆಟಗಾರನ ಮೊಣಕಾಲು ಮುರಿದು ಆರು ತಿಂಗಳು ಮಲಗಿದರೆ ಅವರು ಸಹಿಸುತ್ತಾರೆ. ಆಡಳಿತ ಮಂಡಳಿಯು ಹಣ ಕೊಡಲಾರೆನೆಂದರೆ ಸಹಿಸುತ್ತಾರೆ. ವರ್ಗಾವಣೆಯ ಅವಧಿ ಮುಗಿದು ಬಾಗಿಲು ಮುಚ್ಚಿದರೆ ಅದನ್ನೂ ಸಹಿಸುತ್ತಾರೆ. ಪರವಾನಗಿಯ ನಿರಾಕರಣೆಯನ್ನು ಮಾತ್ರ ಸಹಿಸಲೊಲ್ಲರು. ಇದಕ್ಕೆ ಕಾರಣವು ಆಟದ ರಚನೆಯಲ್ಲಿಯೇ ಇದೆ. ಗಾಯವೂ ಹಣದ ಕೊರತೆಯೂ ಮ್ಯಾನೇಜರನ ಕ್ಲಬ್ಬಿಗೆ ಬಂದ ಕಷ್ಟಗಳು; ಪರವಾನಗಿಯ ನಿರಾಕರಣೆಯಾದರೋ ಮೂಲತಃ ಇನ್ನೊಬ್ಬನ ಬಾಳಿಗೆ ಬಂದ ಕಷ್ಟ. ಜೀವನದಲ್ಲಿ ಆ ನಿರಾಕರಣೆಯ ಪತ್ರವು ಹೋಗಿ ತಲುಪುವುದು ಅಕ್ರಾದಲ್ಲಿಯೋ ಕೊಲ್ಕತ್ತಾದಲ್ಲಿಯೋ ಪೆಟ್ಟಿಗೆ ಕಟ್ಟಿಕೊಂಡು ಕುಳಿತಿರುವ ತರುಣನಿಗೆ. ಆಟದಲ್ಲಿ ಅದು ಮ್ಯಾನೇಜರನ ಅಂಚೆಪೆಟ್ಟಿಗೆಗೆ ಮಾತ್ರ ಬರುತ್ತದೆ. ಇನ್ನೊಬ್ಬನ ನಷ್ಟವು ತನ್ನ ಅನನುಕೂಲವಾಗಿ ಮಾತ್ರ ಕಾಣಿಸಿಕೊಂಡಾಗ ಮನುಷ್ಯನು ಅದನ್ನು ಕಿರಿಕಿರಿಯೆಂದು ಕರೆಯುತ್ತಾನೆ.

ಈ ನಿಯಮವು ಫುಟ್‌ಬಾಲಿಗೆ ಹೊರಗಿನದೆಂಬ ಮಾತು ಇತಿಹಾಸವನ್ನು ಅರಿಯದೆ ಆಡುವ ಮಾತು. 1930ರಲ್ಲಿ ಆರ್ಸೆನಲ್ ತಂಡದ ಪ್ರಖ್ಯಾತ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ನರು ವಿಯೆನ್ನಾದ ಗೋಲ್‌ಕೀಪರ್ ರೂಡಿ ಹೈಡನ್ ಅವರನ್ನು ಕರೆತರಲು ಮುಂದಾದರು. ಕಾರ್ಮಿಕ ಸಚಿವಾಲಯವು ತಡೆಯಿತು. ಇಂಗ್ಲಿಷ್ ಆಟಗಾರರ ಉದ್ಯೋಗವನ್ನು ಪರದೇಶದವನು ಕಸಿದುಕೊಳ್ಳಬಾರದೆಂಬುದು ಆ ತಡೆಯ ಹಿಂದಿದ್ದ ನ್ಯಾಯ. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಪರದೇಶದ ವೃತ್ತಿ ಆಟಗಾರನು ಎರಡು ವರ್ಷ ಅಲ್ಲಿಯೇ ನೆಲಸಿರದ ಹೊರತು ಆಡಕೂಡದೆಂದು ಕಟ್ಟಳೆಮಾಡಿತು. ಆ ಕಟ್ಟಳೆಯು 1978ರವರೆಗೆ, ಹತ್ತಿರ ಹತ್ತಿರ ಅರ್ಧಶತಮಾನದಷ್ಟು ಕಾಲ ನಡೆಯಿತು. ಅದು ಹೋದ ಬೇಸಗೆಯಲ್ಲಿಯೇ ವಿಶ್ವಕಪ್ಪನ್ನು ಗೆದ್ದ ಅರ್ಜೆಂಟೀನಾದ ಓಸ್ವಾಲ್ಡೊ ಆರ್ಡಿಲೆಸ್ ಮತ್ತು ರಿಕಾರ್ಡೊ ವಿಲಾ ಟಾಟೆನ್‌ಹ್ಯಾಮಿಗೆ ಬಂದರು. ಕಾಲಕಾಲಕ್ಕೆ ಯುರೋಪಿನ ಕ್ಲಬ್ ಪಂದ್ಯಾವಳಿಗಳಲ್ಲಿಯೂ ಇಂತಹ ಮಿತಿಗಳೇ ನಡೆದವು: 1994ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಾರ್ಸಿಲೋನಾದಲ್ಲಿ ನಾಲ್ಕು ಗೋಲುಗಳಿಂದ ಸೋತ ರಾತ್ರಿ, ಡೆನ್ಮಾರ್ಕಿನವರಾದ ಪೀಟರ್ ಷ್ಮೈಕಲ್ ಗೋಲಿನ ಮುಂದೆ ಇರಲಿಲ್ಲ; ವಿದೇಶೀಯರ ಸಂಖ್ಯೆಯ ಮಿತಿಯಿಂದ ಅವರನ್ನು ಹೊರಗಿಡಬೇಕಾಗಿತ್ತು. ಮರುವರ್ಷದ ಡಿಸೆಂಬರಿನಲ್ಲಿ ಬೋಸ್ಮನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ಬಂದ ತೀರ್ಪಿನಿಂದ ಯುರೋಪಿನ ಒಕ್ಕೂಟದೊಳಗಿನ ಗೋಡೆಗಳು ಬಿದ್ದವು. ಹೊರಗಿನ ಗೋಡೆ ಹಾಗೆಯೇ ನಿಂತಿತು. ಯಾವ ತಂಡದಲ್ಲಿ ಯಾರು ಆಡಿದರು, ಯಾವ ಪಂದ್ಯವನ್ನು ಯಾರು ಸೋತರು, ಯಾವ ದೇಶದ ಹುಡುಗನು ಯಾವ ನಗರದ ಕಣ್ಮಣಿಯಾದನು ಎಂಬುದನ್ನು ಇಷ್ಟು ಆಳವಾಗಿ ನಿರ್ಣಯಿಸಿದ ಸಂಗತಿಯು ಆಟಕ್ಕೆ ಹೊರಗಿನದಾದರೆ, ಒಳಗಿನದು ಯಾವುದು?

ಭಾರತೀಯನಾದವನು, ಅದರಲ್ಲಿಯೂ ಬೆಂಗಳೂರಿನವನು, ಈ ನಿಯಮವನ್ನು ಅಳಿಸಿಹಾಕಲು ಹೊರಟರೆ ಅದು ನನಗೆ ವಿಶೇಷವಾಗಿ ನೋವನ್ನುಂಟುಮಾಡುತ್ತದೆ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬು ಸುನಿಲ್ ಛೇತ್ರಿಯವರೊಡನೆ ಮೂರು ವರ್ಷಗಳ ಕರಾರಿಗೆ ಒಪ್ಪಿತ್ತು. ಅಂದಿನ ನಿಯಮದಂತೆ ಆಟಗಾರನು ಹಿಂದಿನ ಎರಡು ವರ್ಷಗಳಲ್ಲಿ ತನ್ನ ದೇಶದ ಸ್ಪರ್ಧಾಪಂದ್ಯಗಳಲ್ಲಿ ಶೇಕಡ 75ರಷ್ಟನ್ನಾದರೂ ಆಡಿರಬೇಕಾಗಿತ್ತು. ಆ ದೇಶವು ಫಿಫಾ ಶ್ರೇಯಾಂಕದ ಮೊದಲ 70ರೊಳಗೆ ಇರಬೇಕಾಗಿತ್ತು. ಮೊದಲನೆಯದು ಮನುಷ್ಯನ ಕೈಯಲ್ಲಿರತಕ್ಕದ್ದು. ಅದರಲ್ಲಿ ಛೇತ್ರಿಯವರು ಯಾರಿಗೂ ಕಡಮೆಯಾಗಿರಲಿಲ್ಲ: ಅದರ ಹಿಂದಿನ ವರ್ಷವಷ್ಟೇ ದೆಹಲಿಯಲ್ಲಿ ನಡೆದ ಎ.ಎಫ್.ಸಿ. ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯದಲ್ಲಿ ತಜಿಕಿಸ್ತಾನದ ವಿರುದ್ಧ ಮೂರು ಗೋಲುಗಳನ್ನು ಹೊಡೆದು, ಭಾರತವನ್ನು ಏಷ್ಯಾ ಕಪ್ಪಿನ ಅಂಗಳಕ್ಕೆ ಕೊಂಡೊಯ್ದವರು ಅವರು. ಎರಡನೆಯದು ಯಾವ ಒಬ್ಬನ ಕೈಯಲ್ಲಿಯೂ ಇರತಕ್ಕದ್ದಲ್ಲ. ಅದು ಒಂದು ದೇಶದ ಮೈದಾನಗಳ, ಸಂಘಗಳ, ಹಣದ, ಅಲಕ್ಷ್ಯದ, ದಶಕಗಳ ಮೊತ್ತ. ಭಾರತವು 70ರೊಳಗೆ ಇರಲಿಲ್ಲ, ಪರವಾನಗಿ ಸಿಗಲಿಲ್ಲ. ಮರುವರ್ಷ ಅವರು ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು, ಆಮೇಲೆ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡಕ್ಕೆ ಹೋದರು, 2013ರಲ್ಲಿ ಬೆಂಗಳೂರಿನ ಹೊಸ ಕ್ಲಬ್ಬಿಗೆ ಬಂದು ಮೊದಲ ವರ್ಷವೇ ಐ-ಲೀಗನ್ನು ಗೆದ್ದುಕೊಟ್ಟರು. ಅವರಿಗೆ ಕೀರ್ತಿ ಬಂದಿತು, ಗೌರವ ಬಂದಿತು. ಇಂಗ್ಲೆಂಡಿನ ಮೈದಾನದ ಮೇಲೆ ತಮ್ಮ ಯೋಗ್ಯತೆಯನ್ನು ಪರೀಕ್ಷಿಸಿಕೊಳ್ಳುವ ಅವಕಾಶ ಮಾತ್ರ ಆ ವಯಸ್ಸಿನಲ್ಲಿ ಬರಲಿಲ್ಲ, ಮತ್ತೆ ಬರುವುದೂ ಶಕ್ಯವಿರಲಿಲ್ಲ.

ಕಂಠೀರವ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ನಿಂತು ಅವರ ಹೆಸರನ್ನು ಕೂಗಿದ ತರುಣರೇ ಮನೆಗೆ ಬಂದು, ಆಟದಲ್ಲಿ ಆರ್ಸೆನಲ್ಲಿನ ಮ್ಯಾನೇಜರರಾಗಿ ಕುಳಿತು, ಅವರನ್ನು ತಡೆದ ಆ ನಿಯಮವನ್ನು ಒಂದು ಗುಂಡಿಯನ್ನು ಒತ್ತಿ ಇಲ್ಲವಾಗಿಸುತ್ತಾರೆ. ಹಾಗೆ ಮಾಡುವುದರಿಂದ ನಡೆದ ಅನ್ಯಾಯಕ್ಕೆ ಆಟದಲ್ಲಾದರೂ ಪರಿಹಾರ ದೊರೆಯಿತಲ್ಲವೆ ಎಂದು ಅವರ ಪರವಾಗಿ ಹೇಳುವವರುಂಟು. ಪರಿಹಾರವು ಯಾರಿಗೆ ದೊರೆಯಿತು? ನಿಯಮವು ಹೋದ ಕೂಡಲೆ ಆಟದೊಳಗಿನ ಶ್ರೀಮಂತ ಕ್ಲಬ್ಬುಗಳು ಹುಡುಕಿಕೊಂಡು ಹೋಗುವುದು ಭಾರತದ ಆಟಗಾರನನ್ನಲ್ಲ. ಸಾಂಟೋಸಿನಲ್ಲಿಯೂ ಬ್ಯೂನಸ್ ಐರಿಸಿನಲ್ಲಿಯೂ ಹದಿನೆಂಟು ತುಂಬಿದ ಪ್ರತಿಭಾವಂತರನ್ನು ಗುಂಪುಗುಂಪಾಗಿ ಕೊಂಡು, ಅವರನ್ನು ಮೀಸಲು ತಂಡಗಳಲ್ಲಿ ಕೂಡಿಡುತ್ತವೆ. ಗೋಡೆಯಿದ್ದಾಗ ಅದೇ ಪ್ರತಿಭೆಗಳು ಹಲವು ದಾರಿಗಳಲ್ಲಿ ಹರಿಯುತ್ತವೆ. ಸ್ಪೇನಿನಲ್ಲಿ ಒಕ್ಕೂಟದ ಹೊರಗಿನವರಿಗೆ ತಂಡವೊಂದರಲ್ಲಿ ಮೂರೇ ಸ್ಥಾನಗಳು. ಆದರೆ ದಕ್ಷಿಣ ಅಮೆರಿಕದ ಸ್ಪಾನಿಷ್ ದೇಶಗಳವರೂ ಬ್ರೆಜಿಲಿನವರೂ ಎರಡು ವರ್ಷ ನೆಲಸಿದರೆ ಅಲ್ಲಿ ಪೌರತ್ವವನ್ನು ಬೇಡಬಹುದು. ಪೋರ್ಚುಗಲ್ಲಿನ ಬಾಗಿಲು ಇನ್ನೂ ಅಗಲವಾದುದು. ಪೋರ್ಟೊ, ಬೆನ್ಫಿಕಾ ಮುಂತಾದ ಕ್ಲಬ್ಬುಗಳು ಬೆಳೆದದ್ದು ಬಹುಪಾಲು ಆ ಬಾಗಿಲಿನಿಂದ. ಗೋಡೆಗಳೆಲ್ಲ ಒಂದೇ ಎತ್ತರವಿಲ್ಲದಿರುವುದರಿಂದಲೇ ಭೂಪಟದಲ್ಲಿ ಲಿಸ್ಬನ್ನಿಗೆ ಒಂದು ಅರ್ಥ, ಬ್ರಸೆಲ್ಸಿಗೆ ಇನ್ನೊಂದು ಅರ್ಥ. ಗೋಡೆಗಳನ್ನು ಅಳಿಸಿದ ಆಟದಲ್ಲಿ ಭೂಪಟವೆಂಬುದೇ ಇಲ್ಲ. ಇರುವುದು ಒಂದೇ ಸಂತೆ, ಅಲ್ಲಿ ಕೊಳ್ಳುವವರು ನಾಲ್ಕೈದು ಮಂದಿ.

ಇಷ್ಟು ಹೇಳಿದ ಮೇಲೆ, ನಿಯಮವನ್ನು ಉಳಿಸಬೇಕೆಂದು ನನ್ನೊಡನೆ ಒಪ್ಪುವ, ಆದರೆ ತಪ್ಪು ಕಾರಣಕ್ಕಾಗಿ ಒಪ್ಪುವ, ಇನ್ನೊಂದು ಪಕ್ಷದವರಿಗೂ ಉತ್ತರ ಹೇಳಬೇಕಾಗುತ್ತದೆ. ಪರವಾನಗಿಯು ಗುಣದ ಜರಡಿಯೆಂದು ಇವರ ಮತ. ಯೋಗ್ಯನಾದವನಿಗೆ ಅದು ಸಿಕ್ಕೇ ಸಿಗುತ್ತದೆ, ಸಿಗದವನು ಯೋಗ್ಯನಲ್ಲ ಎಂದು ಇವರು ನಿಶ್ಚಿಂತೆಯಿಂದ ಹೇಳುತ್ತಾರೆ. ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಟ್ಟ ಮೇಲೆ, 2021ರ ಆರಂಭದಿಂದ ನಡೆದಿರುವ ಪದ್ಧತಿಯನ್ನು ಪರಿಶೀಲಿಸಿದರೆ ಈ ಮತವು ಎಷ್ಟು ದುರ್ಬಲವೆಂಬುದು ತಿಳಿದೀತು. ಆಟಗಾರನು ಒಟ್ಟು 15 ಅಂಕಗಳನ್ನು ಗಳಿಸಬೇಕು. ರಾಷ್ಟ್ರೀಯ ತಂಡದಲ್ಲಿ ಆಡಿದ ಪಂದ್ಯಗಳಿಗೆ ಅಂಕಗಳುಂಟು, ಕ್ಲಬ್ಬಿಗಾಗಿ ಆಡಿದ ನಿಮಿಷಗಳಿಗೆ ಉಂಟು, ಕ್ಲಬ್ಬು ತನ್ನ ಲೀಗಿನಲ್ಲಿ ಪಡೆದ ಸ್ಥಾನಕ್ಕೆ ಉಂಟು, ಆ ಲೀಗು ಯಾವ ದರ್ಜೆಯದೆಂಬುದಕ್ಕೂ ಉಂಟು. 10ರಿಂದ 14ರವರೆಗೆ ಗಳಿಸಿದವನ ವಿಷಯವನ್ನು ವಿಶೇಷ ಮಂಡಳಿಯ ಮುಂದೆ ಇಡಬಹುದು. ಲೋಕದ ಲೀಗುಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ್ದಾರೆ. ನಮ್ಮ ಇಂಡಿಯನ್ ಸೂಪರ್ ಲೀಗು, ಹೆಸರಿಸದೆ ಉಳಿದವೆಲ್ಲವನ್ನೂ ಸೇರಿಸಿರುವ ಆರನೆಯ ದರ್ಜೆಯದು. ಇಲ್ಲಿ ಅಳೆಯುತ್ತಿರುವುದು ಮನುಷ್ಯನ ಗುಣವನ್ನಲ್ಲ, ಅವನ ಸಹವಾಸವನ್ನು: ಅವನು ಎಲ್ಲಿ ಹುಟ್ಟಿದನು, ಯಾರೊಡನೆ ಆಡಿದನು, ಅವನ ತರಬೇತುದಾರನು ಎಷ್ಟು ನಿಮಿಷ ಮೈದಾನಕ್ಕೆ ಇಳಿಸಿದನು ಎಂಬುದನ್ನು.

ರಿಯಾದ್ ಮಹ್ರೆಜ್ ಅವರ ದೃಷ್ಟಾಂತ ಒಂದೇ ಸಾಕು. 2014ರ ಜನವರಿಯಲ್ಲಿ ಫ್ರಾನ್ಸಿನ ಎರಡನೆಯ ದರ್ಜೆಯ ಲ ಹಾವ್ರ ತಂಡದಿಂದ ಅವರು ಲೆಸ್ಟರಿಗೆ ಬಂದಾಗ ಆಲ್ಜೀರಿಯಾದ ಪರವಾಗಿ ಇನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ. ಎರಡು ವರ್ಷಗಳಲ್ಲಿ ಅವರು ಇಂಗ್ಲೆಂಡಿನ ಚಾಂಪಿಯನ್ ತಂಡದ ಜೀವಾಳವಾಗಿ, ಸಹ ಆಟಗಾರರ ಮತದಿಂದ ವರ್ಷದ ಶ್ರೇಷ್ಠ ಆಟಗಾರರಾದರು. ಅವರು ಪ್ಯಾರಿಸಿನ ಬಳಿಯ ಊರಿನಲ್ಲಿ ಹುಟ್ಟಿ ಫ್ರಾನ್ಸಿನ ಪಾಸ್‌ಪೋರ್ಟನ್ನು ಹೊಂದಿದ್ದವರಾದ್ದರಿಂದ ಯಾರೂ ಅವರನ್ನು ತಡೆಯಲಿಲ್ಲ. ಅದೇ ಕಾಲುಗಳು, ಅದೇ ಕೌಶಲ, ಆಲ್ಜೀರಿಯಾದ ಪಾಸ್‌ಪೋರ್ಟು ಮಾತ್ರ ಇದ್ದಿದ್ದರೆ, ಅಂದಿನ ನಿಯಮದ ಅಕ್ಷರವು ಅವರನ್ನು ಹೊರಗೆ ನಿಲ್ಲಿಸುತ್ತಿತ್ತು. ಪರವಾನಗಿಯಿಲ್ಲದವನು ಯೋಗ್ಯನಲ್ಲವೆಂದು ಆಟವನ್ನು ಆಡಿ ಕಲಿತವನು ಆಟದಿಂದ ಕಲಿತದ್ದು ಅಸತ್ಯವನ್ನು. ಆದರೆ ಅದು ಆಟದ ದೋಷವಲ್ಲ. ಆಟವು ಅವನ ಕಣ್ಣಮುಂದೆಯೇ, ಒಂದು ಕಡೆ ಆಟಗಾರನ ಗುಣಗಳ ಅಂಕಿಗಳನ್ನೂ ಇನ್ನೊಂದು ಕಡೆ ನಿರಾಕರಣೆಯನ್ನೂ ಇಟ್ಟಿರುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕಾದದ್ದು ಅವನ ಕರ್ತವ್ಯ. ಗುಣವಿದ್ದೂ ಪ್ರವೇಶವಿಲ್ಲದ ಸ್ಥಿತಿಯನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಬೇರೊಂದು ವಿನೋದವನ್ನು ನಾನು ಕಂಡಿಲ್ಲ.

ಆಟವು ವಿಶ್ರಾಂತಿಗಾಗಿ ಇರುವುದು, ದಿನವೆಲ್ಲ ದುಡಿದು ಬಂದವನಿಗೆ ಅಲ್ಲಿಯೂ ಕಾನೂನಿನ ಕಾಟವೇಕೆ ಎಂದು ಕೇಳುವವರ ಮಾತಿನಲ್ಲಿ ಒಂದು ಸಹಜತೆಯಿದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಪರವಾನಗಿಯಿಂದ ಆಟದ ಸಂತೋಷವು ಕುಂದುತ್ತದೆಯೆಂಬುದು ಅನುಭವಕ್ಕೆ ವಿರುದ್ಧವಾದುದು. ಬೇಕೆಂದ ಕೂಡಲೆ ಸಿಕ್ಕಿದ ಆಟಗಾರನನ್ನು ಯಾರು ನೆನಪಿನಲ್ಲಿಟ್ಟುಕೊಳ್ಳುತ್ತಾರೆ? ಜಪಾನಿನ ಕವಾಸಾಕಿಯಿಂದ ಕವೊರು ಮಿತೊಮ ಅವರನ್ನು ಬ್ರೈಟನ್ ಕ್ಲಬ್ಬು 2021ರಲ್ಲಿ ಕೊಂಡಾಗ ಪರವಾನಗಿಗೆ ಬೇಕಾದ ಅರ್ಹತೆ ಅವರಿಗೆ ಇರಲಿಲ್ಲ. ಕ್ಲಬ್ಬು ಅವರನ್ನು ಒಂದು ವರ್ಷ ಬೆಲ್ಜಿಯಮ್ಮಿನ ಯೂನಿಯನ್ ಸೇಂಟ್ ಜಿಲ್ವಾಸಿಗೆ ಎರವಲಾಗಿ ಕಳುಹಿಸಿತು. ಅಲ್ಲಿ ಆಡಿ, ಆ ನಡುವೆ ಜಪಾನಿನ ರಾಷ್ಟ್ರೀಯ ತಂಡದಲ್ಲಿಯೂ ಸ್ಥಾನ ಪಡೆದು, 2022ರಲ್ಲಿ ಅವರು ಬ್ರೈಟನ್ನಿಗೆ ಬಂದರು. ಅದಕ್ಕೂ ಬಹಳ ಮೊದಲು, 2004ರಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ಚೀನದ ಡಾಂಗ್ ಫಾಂಗ್‌ಜುವೊ ಅವರನ್ನು ಇದೇ ಕಾರಣಕ್ಕೆ ಆಂಟ್‌ವರ್ಪಿಗೆ ಕಳುಹಿಸಿತ್ತು. ಇವು ನಿಜವಾದ ಮ್ಯಾನೇಜರರ ಲೆಕ್ಕಾಚಾರಗಳು. ಒಂದು ವರ್ಷ ಮುಂದಕ್ಕೆ ನೋಡುವುದು, ಇನ್ನೊಂದು ದೇಶದ ಕ್ಲಬ್ಬಿನೊಡನೆ ಸ್ನೇಹ ಬೆಳೆಸುವುದು, ಆ ಹುಡುಗನು ಅಲ್ಲಿ ಎಷ್ಟು ನಿಮಿಷ ಆಡಿದನೆಂದು ವಾರವಾರವೂ ವಿಚಾರಿಸುವುದು, ಅವನ ದೇಶದ ತಂಡಕ್ಕೆ ಆಯ್ಕೆಯಾದ ಸುದ್ದಿಗಾಗಿ ಕಾಯುವುದು: ಆಟದ ಅತ್ಯಂತ ತುಂಬಿದ ಗಳಿಗೆಗಳು ಇವೇ. ಗೋಡೆ ಹೋದರೆ ಇವೂ ಹೋಗುತ್ತವೆ.

ಇಲ್ಲಿ ತಯಾರಕರ ಧೈರ್ಯವನ್ನು ಹೊಗಳದೆ ಮುಂದುವರಿಯಲಾರೆ. ಬ್ರಿಟನ್ನಿನ ಜನರು ಒಕ್ಕೂಟವನ್ನು ಬಿಡಲು ಮತ ಕೊಟ್ಟದ್ದು 2016ರ ಜೂನಿನಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಬಂದ ಫುಟ್‌ಬಾಲ್ ಮ್ಯಾನೇಜರಿನ ಆವೃತ್ತಿಯು ಆ ನಿರ್ಗಮನವನ್ನೇ ಆಟದೊಳಗೆ ತಂದಿತು: ಕೆಲವು ವರ್ಷಗಳ ತರುವಾಯ, ಒಬ್ಬೊಬ್ಬನ ಆಟದಲ್ಲಿ ಒಂದೊಂದು ಬಗೆಯಾಗಿ, ಒಮ್ಮೆ ಹಳೆಯ ಸ್ವಾತಂತ್ರ್ಯವೇ ಉಳಿಯುವಂತೆ, ಒಮ್ಮೆ ಆಟಗಾರರಿಗೆ ವಿಶೇಷ ರಿಯಾಯಿತಿ ದೊರೆಯುವಂತೆ, ಒಮ್ಮೆ ಯುರೋಪಿನವರಿಗೂ ಹೊರಗಿನವರ ನಿಯಮವೇ ಅನ್ವಯಿಸುವಂತೆ. ಆಟದಲ್ಲಿ ರಾಜಕೀಯವೇಕೆಂದು ಕೆಲವರು ಆಗ ಮುನಿದರು. ನಾಲ್ಕು ವರ್ಷಗಳಲ್ಲಿ ಮೂರನೆಯ ಬಗೆಗೆ ಸಮೀಪವಾದ ವ್ಯವಸ್ಥೆಯೇ ಜಾರಿಗೆ ಬಂದಿತು. 2003ರಲ್ಲಿ ಹದಿನಾರು ವರ್ಷದ ಸೆಸ್ಕ್ ಫಾಬ್ರೆಗಸ್ ಬಾರ್ಸಿಲೋನಾದಿಂದ ಆರ್ಸೆನಲ್ಲಿಗೆ ಬಂದ ದಾರಿಯು ಇಂದು ಮುಚ್ಚಿದೆ. ಹದಿನೆಂಟು ತುಂಬದ ಪರದೇಶದ ಹುಡುಗನನ್ನು ಇಂಗ್ಲೆಂಡಿನ ಕ್ಲಬ್ಬು ಈಗ ಕರೆತರಲಾರದು. ಆಟವನ್ನು ಆಡುತ್ತಿದ್ದವರು ಈ ಬದಲಾವಣೆಯ ಫಲಗಳನ್ನು ಮುಂಚಿತವಾಗಿಯೇ ಪರಿಚಯಮಾಡಿಕೊಂಡಿದ್ದರು. ನಿಯಮವನ್ನು ತೆಗೆದುಹಾಕಿ ಆಡಿದವರಿಗೆ ಆ ಪರಿಚಯ ದೊರೆಯಲಿಲ್ಲ.

ಅನ್ಯಾಯವಾದ ಕಾನೂನನ್ನು ಆಟದಲ್ಲಿ ಅನುಕರಿಸುವುದರಿಂದ ಅದಕ್ಕೆ ಸಮ್ಮತಿಯನ್ನು ಕೊಟ್ಟಂತಾಗುವುದಿಲ್ಲವೆ ಎಂಬುದು ಇವೆಲ್ಲದರಲ್ಲಿ ಗಂಭೀರವಾದ ಆಕ್ಷೇಪ. ಅನುಕರಣೆಯು ಸಮ್ಮತಿಯಲ್ಲ. ಬರಗಾಲವನ್ನು ಚಿತ್ರಿಸಿದ ಕಾದಂಬರಿಕಾರನು ಬರಗಾಲವನ್ನು ಹೊಗಳಿದವನಲ್ಲ. ಸಮ್ಮತಿಯಾಗುವುದು ಮರೆಮಾಚುವುದು: ಗೋಡೆಯಿಲ್ಲದ ಲೋಕವನ್ನು ಚಿತ್ರಿಸಿ, ಅದನ್ನು ನಿಜವಾದ ಹೆಸರುಗಳಿಂದ ತುಂಬಿ, ಯಾವ ದೇಶದ ಹುಡುಗನಾದರೂ ಗುಣವಿದ್ದರೆ ಲಂಡನ್ನಿಗೆ ಹೋಗಬಲ್ಲನೆಂಬ ಭ್ರಾಂತಿಯನ್ನು ಬಿತ್ತುವುದು. ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ತಂಡಕ್ಕೆ ಹೋದರು, 2016ರಲ್ಲಿ ಯುರೋಪಾ ಲೀಗಿನ ಅರ್ಹತಾ ಪಂದ್ಯದಲ್ಲಿ ಗೋಲು ಕಾಯ್ದರು, ಮರುವರ್ಷ ಬೆಂಗಳೂರಿಗೆ ಬಂದರು. ಒಬ್ಬ ಭಾರತೀಯನಿಗೆ ನಾರ್ವೆಯಲ್ಲಿ ಸಾಧ್ಯವಾದದ್ದು ಇಂಗ್ಲೆಂಡಿನಲ್ಲಿ ಏಕೆ ಸಾಧ್ಯವಾಗಲಿಲ್ಲವೆಂಬ ಪ್ರಶ್ನೆಯು ಗೋಡೆಗಳಿರುವ ಆಟದಲ್ಲಿ ಮಾತ್ರ ಹುಟ್ಟುತ್ತದೆ.

ಗೋಡೆಗಳೆಲ್ಲವೂ ಕೆಟ್ಟವೆಂದು ಭಾವಿಸುವವರು, ಇದೇ ಆಟದಲ್ಲಿ ಭಾರತದ ಲೀಗನ್ನು ಆರಿಸಿಕೊಂಡು ಬೆಂಗಳೂರು ತಂಡವನ್ನು ನಡೆಸಿ ನೋಡಲಿ. ಅಲ್ಲಿ ನಮ್ಮದೇ ಮಿತಿಯೊಂದಿದೆ: ಇಂಡಿಯನ್ ಸೂಪರ್ ಲೀಗಿನಲ್ಲಿ ಮೈದಾನಕ್ಕಿಳಿಯುವ ವಿದೇಶೀಯರ ಸಂಖ್ಯೆಯನ್ನು 2021ರಲ್ಲಿ ಐದರಿಂದ ನಾಲ್ಕಕ್ಕೆ ಇಳಿಸಿದರು. ಗೋಲು ಹೊಡೆಯುವ ಸ್ಥಾನಗಳೆಲ್ಲ ಹೊರಗಿನವರ ಪಾಲಾದರೆ ಇನ್ನೊಬ್ಬ ಛೇತ್ರಿಯನ್ನು ಎಲ್ಲಿಂದ ತರುವುದೆಂಬ ಕಳವಳವು ಅದರ ಹಿಂದಿದೆ. 1931ರಲ್ಲಿ ಇಂಗ್ಲೆಂಡಿನವರು ಮುಂದಿಟ್ಟ ಕಾರಣಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ; ಆದರೆ ಶ್ರೀಮಂತನು ಕಟ್ಟಿಕೊಂಡ ಗೋಡೆಯೂ ಬಡವನು ಕಟ್ಟಿಕೊಂಡ ಗೋಡೆಯೂ ಒಂದೇ ಎಂದು ನಾನು ಹೇಳಲಾರೆ. ಇಂಗ್ಲೆಂಡಿನಲ್ಲಿಯೂ 2023ರಲ್ಲಿ ನಿಯಮವನ್ನು ಸಡಿಲಿಸಿ, ಅಂಕಗಳು ಸಾಲದ ಕೆಲವರನ್ನು, ಮೇಲಿನ ಎರಡು ದರ್ಜೆಗಳಲ್ಲಿ ಹೆಚ್ಚೆಂದರೆ ನಾಲ್ವರನ್ನು, ಸೇರಿಸಿಕೊಳ್ಳಲು ಅವಕಾಶ ಕೊಟ್ಟಿದ್ದಾರೆ. ಆ ಅವಕಾಶವನ್ನು ಕ್ಲಬ್ಬು ಇಂಗ್ಲಿಷ್ ಆಟಗಾರರಿಗೆ ಎಷ್ಟು ನಿಮಿಷಗಳ ಆಟವನ್ನು ಕೊಡುತ್ತದೆಂಬುದಕ್ಕೆ ಗಂಟುಹಾಕಿದ್ದಾರೆ. ತನ್ನ ಮನೆಯ ಹುಡುಗನಿಗೂ ಹೊರಗಿನ ಹುಡುಗನಿಗೂ ನ್ಯಾಯವನ್ನು ಹೇಗೆ ತೂಗುವುದೆಂಬ ಪ್ರಶ್ನೆಯನ್ನು ಎರಡೂ ತೀರಗಳಿಂದ ನೋಡುವ ಅವಕಾಶವನ್ನು ಈ ಆಟವು ಒಬ್ಬನಿಗೇ ಒದಗಿಸುತ್ತದೆ. ಒಂದು ಸಂಜೆ ಲಂಡನ್ನಿನವನಾಗಿ, ಇನ್ನೊಂದು ಸಂಜೆ ಬೆಂ‌ಗಳೂರಿನವನಾಗಿ.

ತಯಾರಕರಿಂದ ನಾವು ಕೇಳಬೇಕಾದದ್ದು ನಿಯಮವನ್ನು ತೆಗೆಯಿರೆಂದಲ್ಲ, ಅದನ್ನು ಪೂರ್ಣವಾಗಿ ತೋರಿಸಿರೆಂದು. ನಿರಾಕರಣೆಯ ಸುದ್ದಿ ಬಂದಾಗ ಆಟಗಾರನ ದೇಶದ ಶ್ರೇಯಾಂಕವೆಷ್ಟು, ಅವನ ಲೀಗಿನ ದರ್ಜೆ ಯಾವುದು, ಎಷ್ಟು ಅಂಕಗಳು ಅವನ ಆಟದಿಂದ ಬಂದವು, ಎಷ್ಟು ಅಂಕಗಳು ಅವನ ದೇಶದ ಕಾರಣದಿಂದ ತಪ್ಪಿಹೋದವು ಎಂಬುದನ್ನು ಅದೇ ಪುಟದಲ್ಲಿ ಬರೆಯಲಿ. ಆರು ತಿಂಗಳ ಮೇಲೆ ಅವನು ಯಾವ ಊರಿನ ಯಾವ ತಂಡದಲ್ಲಿ ಆಡುತ್ತಿದ್ದಾನೆಂಬುದನ್ನೂ ತಿರಸ್ಕರಿಸಲ್ಪಟ್ಟ ಆ ಅರ್ಜಿಯ ಕೆಳಗೆ ಸೇರಿಸಲಿ. ಅಷ್ಟು ದತ್ತಾಂಶವು ಅವರ ಬಳಿ ಈಗಾಗಲೇ ಇದೆ.